‘ಸುಮಾರು’ ಎಂಬ ಲೆಕ್ಕ



ಈ ಮಾತುಗಳಿಗಾಗಿ ನನಗೆ ಕೊಟ್ಟಿರುವ ಅವಧಿ ಇಪ್ಪತ್ತೈದು ನಿಮಿಷ. ಹಿಂದಿನವರ ಅಳತೆಯಲ್ಲಿ ಹೇಳುವುದಾದರೆ ಒಂದು ಘಳಿಗೆ, ಅದರ ಮೇಲೆ ಒಂದು ನಿಮಿಷ. ನಾನು ಬರೆದು ತಂದಿರುವ ಹಾಳೆಗಳು ಹನ್ನೆರಡು. ಒಂದು ಹಾಳೆಯನ್ನು ಓದಲು ನನಗೆ ಎರಡು ನಿಮಿಷ ಹಿಡಿಯುತ್ತದೆಂದು ಸಿದ್ದಾಪುರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿ ನೋಡಿಕೊಂಡಿದ್ದೇನೆ. ಉಳಿಯುವ ಒಂದು ನಿಮಿಷ ಅರವತ್ತು ದಾಟಿದವನ ಕೆಮ್ಮಿಗೂ ಕನ್ನಡಕವನ್ನು ಸರಿಪಡಿಸಿಕೊಳ್ಳುವುದಕ್ಕೂ ಮೀಸಲು. ಇಂದು ನಾನು ಹೇಳಬೇಕೆಂದಿರುವುದು ಇಂಥ ಲೆಕ್ಕಗಳನ್ನು ಕುರಿತೇ. ದೋಣಿ, ರೇಡಿಯೋ, ಗಡಿಯಾರ ಈ ಮೂರನ್ನೂ ಹವ್ಯಾಸವಾಗಿ ಹಚ್ಚಿಕೊಂಡಿದ್ದ ಒಬ್ಬರ ನೆರಳಿನಲ್ಲಿ ನಾನು ಬೆಳೆದೆ. ಜೀವನವಿಡೀ ಪಾಠ ಹೇಳಿದ್ದು ಕನ್ನಡವನ್ನಾದರೂ ಅಂದಾಜು ಮಾಡುವ ಆ ವಿದ್ಯೆಯ ಗೀಳು ನನ್ನನ್ನು ಬಿಟ್ಟಿಲ್ಲ.

ಕನ್ನಡದ ಮೇಷ್ಟರಾದ್ದರಿಂದ ಪದಗಳಿಂದಲೇ ಆರಂಭಿಸುವುದು ನನಗೆ ಅನಿವಾರ್ಯ. ‘ಸುಮಾರು’ ಎನ್ನುತ್ತೇವೆ, ‘ಅಂದಾಜು’ ಎನ್ನುತ್ತೇವೆ, ‘ಅಜಮಾಸು’ ಎನ್ನುತ್ತೇವೆ. ಮೂರೂ ಪಾರಸಿ ಮೂಲದವು; ಆಡಳಿತದ, ವ್ಯಾಪಾರದ ದಾರಿಯಲ್ಲಿ ನಮ್ಮ ಕಡೆಗೆ ಬಂದವು. ವಿನೋದವೆಂದರೆ, ‘ಸುಮಾರು’ ಎಂಬುದರ ಮೂಲಾರ್ಥ ಎಣಿಕೆ. ‘ಅಂದಾಜು’ ಎಂಬುದರ ಮೂಲದಲ್ಲಿ ಅಳತೆಯಿದೆ. ‘ಅಜಮಾಸು’ ಎಂದರೆ ಪರೀಕ್ಷೆ. ಎಣಿಸಿ, ಅಳೆದು, ಪರೀಕ್ಷಿಸಿ ಹೇಳುವ ಮಾತಿಗೆ ಇದ್ದ ಹೆಸರುಗಳು ನಮ್ಮ ಬಾಯಲ್ಲಿ ‘ಹೆಚ್ಚು ಕಡಿಮೆ’ ಎಂಬಲ್ಲಿಗೆ ಇಳಿದವು. ಅಚ್ಚ ಕನ್ನಡದ ‘ಎಣಿಸು’ ಎಂಬ ಧಾತುವಿನ ಕಥೆ ಇನ್ನೂ ಸೊಗಸು. ಅದಕ್ಕೆ ಲೆಕ್ಕ ಮಾಡು ಎಂಬ ಅರ್ಥವೂ ಉಂಟು, ಭಾವಿಸು ಎಂಬ ಅರ್ಥವೂ ಉಂಟು. ಕುಂದಾಪುರದ ಕಡೆಯವರು “ನಾನು ಹಾಂಗ್ ಎಣ್ಸಿದ್ದೆ” ಎಂದರೆ ಅವರು ಲೆಕ್ಕ ಮಾಡಿದ್ದರೋ ಬರಿದೆ ಭಾವಿಸಿದ್ದರೋ ಎಂಬುದನ್ನು ಸಂದರ್ಭವೇ ಹೇಳಬೇಕು. ನನ್ನ ಪ್ರಾಣಕ್ಕೆ ಒಮ್ಮೆ ಕುತ್ತು ಬಂದದ್ದು ಈ ಎರಡು ಅರ್ಥಗಳ ನಡುವಣ ಸಂದಿನಲ್ಲಿ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಸೀಮೆಯ ಹೊಳೆ ವಾರಾಹಿ. ಘಟ್ಟದಿಂದಿಳಿದು ಹೊಸಂಗಡಿ, ಹಾಲಾಡಿ, ಬಸರೂರುಗಳ ಕಡೆಯಿಂದ ಸಾಗಿ, ಕುಂದಾಪುರದ ಬಳಿ ಸೌಪರ್ಣಿಕಾ, ಚಕ್ರಾ ಮೊದಲಾದ ನದಿಗಳನ್ನು ಕೂಡಿಕೊಂಡು, ಪಂಚಗಂಗಾವಳಿಯೆನಿಸಿ, ಗಂಗೊಳ್ಳಿಯ ಅಳಿವೆಯಲ್ಲಿ ಕಡಲನ್ನು ಸೇರುತ್ತದೆ. ನನ್ನ ಬಾಲ್ಯದಲ್ಲಿ ಸೇತುವೆಗಳು ಕಡಿಮೆ, ದೋಣಿಯ ಕಡವುಗಳು ಹೆಚ್ಚು. ಆಚೆ ದಡಕ್ಕೆ ಹೋಗಬೇಕಾದವರು ಕೂಗು ಹಾಕಿ ಕಾಯುತ್ತಿದ್ದರು. ನನ್ನ ಸೋದರಮಾವ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಆಚೆ ದಡದ ಶಾಲೆಗೆ ನಿತ್ಯವೂ ದೋಣಿಯಲ್ಲೇ ಹೋಗಬೇಕಾಗಿತ್ತು. ರಜೆಯಲ್ಲಿ ಅವರ ಮನೆಗೆ ಹೋದಾಗ ನಾನೂ ಅವರ ಬಾಲವಾಗುತ್ತಿದ್ದೆ.

ಆ ಕಡವಿನ ದೋಣಿಯವನು ಎಂದೂ ನೇರವಾಗಿ ಹೊಳೆಗೆ ಬೀಳುತ್ತಿರಲಿಲ್ಲ. ಜನರನ್ನು ಹತ್ತಿಸಿಕೊಂಡು ದಡದ ಅಂಚಿನಲ್ಲೇ ಗಳೆ ಹಾಕುತ್ತ ಮೇಲಕ್ಕೆ, ಅಂದರೆ ಪ್ರವಾಹಕ್ಕೆ ಎದುರಾಗಿ, ಒಂದಷ್ಟು ದೂರ ದೋಣಿಯನ್ನು ಒಯ್ಯುತ್ತಿದ್ದ. ಬೇಸಗೆಯಲ್ಲಿ ಒಂದು ಬಂಡೆಯ ತನಕ, ಮಳೆ ಹಿಡಿದ ಮೇಲೆ ಒಂದು ಹೊಳೆದಾಸವಾಳದ ಮರದ ತನಕ. ಅಲ್ಲಿಂದ ನೂಕಿದರೆ ದೋಣಿ ಓರೆಯಾಗಿ ಜಾರುತ್ತ ಆಚೆಯ ಮೆಟ್ಟಿಲಿಗೆ ಸರಿಯಾಗಿ ಮುಟ್ಟುತ್ತಿತ್ತು. ಹುಡುಗನಾದ ನನಗೆ ಅದು ವೃಥಾ ಕಾಲಹರಣವೆನ್ನಿಸಿ, ನೇರ ಹೋದರಾಗದೆ ಎಂದು ಕೇಳಿದ್ದುಂಟು. “ಅವ್ಸರ ಎಂತಕ್ ಮಾಣಿ? ಹೊಳಿ ಎಲ್ಲಿಗೂ ಓಡಿ ಹೋತಿಲ್ಲ” ಎಂದು ಅವನು ನಕ್ಕಿದ್ದ.

ಮಾವ ಇದನ್ನು ಅಂಕಗಣಿತಕ್ಕೆ ಇಳಿಸಿದರು. ಒಂದು ಭಾನುವಾರ ಒಣಗಿದ ತೆಂಗಿನ ಸಿಪ್ಪೆಯನ್ನು ನಡುಹೊಳೆಯಲ್ಲಿ ತೇಲಿಬಿಟ್ಟರು. ದಡದಲ್ಲಿ ಮೂವತ್ತು ಅಡಿ ಅಂತರದಲ್ಲಿ ಎರಡು ಗೂಟಗಳಿದ್ದವು. ಸೆಕೆಂಡುಗಳನ್ನು ಎಣಿಸಲು ಅವರು ಗಡಿಯಾರವನ್ನು ನೋಡಲಿಲ್ಲ. ಮೂವತ್ತೊಂಬತ್ತು ಅಂಗುಲದ ದಾರಕ್ಕೆ ಒಂದು ಕಲ್ಲು ಕಟ್ಟಿ ಮರದ ಕೊಂಬೆಗೆ ತೂಗುಬಿಟ್ಟಿದ್ದರು. ಅಷ್ಟು ಉದ್ದದ ಲೋಲಕ ಒಂದು ಕಡೆಯಿಂದ ಇನ್ನೊಂದು ಕಡೆಗೆ ತೂಗಲು ಒಂದು ಸೆಕೆಂಡು ತೆಗೆದುಕೊಳ್ಳುತ್ತದೆ. ಸಿಪ್ಪೆ ಮೂವತ್ತು ಅಡಿ ಸಾಗುವುದರೊಳಗೆ ಕಲ್ಲು ಹದಿನೈದು ಬಾರಿ ತೂಗಿತು. ಪ್ರವಾಹದ ವೇಗ ಸೆಕೆಂಡಿಗೆ ಎರಡು ಅಡಿ. ದೋಣಿ ಸೆಕೆಂಡಿಗೆ ಮೂರು ಅಡಿ ಹೋಗುತ್ತದೆ, ಹೊಳೆಯ ಅಗಲ ಮುನ್ನೂರು ಅಡಿ. ದಾಟಲು ನೂರು ಸೆಕೆಂಡು ಬೇಕು. ನೂರು ಸೆಕೆಂಡಿನಲ್ಲಿ ಹೊಳೆ ದೋಣಿಯನ್ನು ಇನ್ನೂರು ಅಡಿ ಕೆಳಕ್ಕೆ ಎಳೆಯಬೇಕು. ಆದರೆ ಬಂಡೆಯ ದೂರವನ್ನು ಹೆಜ್ಜೆಯಿಂದ ಅಳೆದಾಗ ಸಿಕ್ಕಿದ್ದು ನೂರೈವತ್ತೇ ಅಡಿ. ಮಾವ ಗೊಂದಲಕ್ಕೆ ಬಿದ್ದರು. ದೋಣಿಯವನು ಬೀಡಿ ಆರಿಸಿ ಹೇಳಿದ: “ನಡು ಹೊಳಿ ಸೆಳ್ತ ಬೇರೆ, ದಡದ್ ಸೆಳ್ತ ಬೇರೆ ಮಾಷ್ಟ್ರೆ. ನೀವ್ ನಡು ಹೊಳಿ ಒಂದನ್ನೇ ಅಳ್ದಿರಿ.”

ಆ ಸಂಜೆ ಮಾವ ಒಂದು ಹಳೆಯ ಹಾಜರಿ ಪುಸ್ತಕವನ್ನು ತೆಗೆದು, ಪುಟದ ನಡುವೆ ಗೆರೆ ಎಳೆದು, ಎಡಗಡೆ ‘ಎಣಿಸಿದ್ದು’ ಎಂದೂ ಬಲಗಡೆ ‘ಆದದ್ದು’ ಎಂದೂ ಬರೆದರು. ಮೊದಲ ಸಾಲು: 200 ಅಡಿ, 150 ಅಡಿ. ಆ ಪುಸ್ತಕ ಈಗ ನನ್ನ ಬಳಿ ಇದೆ.

ಅಂದಿನ ಆ ಹೊಳೆ ಇಂದಿಲ್ಲವೆಂಬುದನ್ನೂ ಹೇಳಿಬಿಡಬೇಕು. ವಾರಾಹಿಗೆ ಮಾಣಿಯಲ್ಲಿ ಅಣೆಕಟ್ಟಾಯಿತು. 1989ರಿಂದ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರ ಕೆಲಸ ಮಾಡತೊಡಗಿತು. ಈಗ ಬೇಸಗೆಯಲ್ಲಿ ಹೊಳೆಯ ನೀರು ಏರುವುದು ಮಳೆಯಿಂದಲ್ಲ, ದೂರದ ಊರುಗಳಲ್ಲಿ ದೀಪಗಳೂ ಯಂತ್ರಗಳೂ ವಿದ್ಯುತ್ತನ್ನು ಬೇಡಿದಾಗ. ಆ ದೋಣಿಯವನ ಬಂಡೆಯ ಗುರುತು ಈಗ ಕೆಲಸಕ್ಕೆ ಬಾರದು.

ಮಾವನ ಎರಡನೆಯ ಮೋಹ ರೇಡಿಯೋ. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಾಗಿದ್ದ ಕಾಲ ಅದು. ಹಲಸಿನ ಮರದಿಂದ ಮಾಡಿನ ತುದಿಗೆ ತಾಮ್ರದ ತಂತಿ ಬಿಗಿದು ಅವರು ಭದ್ರಾವತಿಯನ್ನು ಹಿಡಿಯುತ್ತಿದ್ದರು. ಆ ನಿಲಯ ಆರಂಭವಾದದ್ದು 1965ರಲ್ಲಿ. ಘಟ್ಟದ ಮೇಲಿನ ಭದ್ರಾವತಿಯ ಧ್ವನಿ ಘಟ್ಟದ ಬುಡದಲ್ಲಿರುವ ನಮಗೆ ಹಗಲು ಕ್ಷೀಣವಾಗಿಯೂ, ಕತ್ತಲಾದ ಮೇಲೆ ಗಟ್ಟಿಯಾಗಿಯೂ, ಆದರೆ ತೂಗುಯ್ಯಾಲೆಯಂತೆ ಏರಿಳಿಯುತ್ತಲೂ ಕೇಳುತ್ತಿತ್ತು. ಅದರ ಆವರ್ತನ 675 ಕಿಲೋಹರ್ಟ್ಸ್. ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು. ಆದ್ದರಿಂದ ಮೂರು ಲಕ್ಷವನ್ನು ಕಿಲೋಹರ್ಟ್ಸಿನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರುಗಳಲ್ಲಿ ಬರುತ್ತದೆ. ಭದ್ರಾವತಿಗೆ 444 ಮೀಟರು. 1976ರ ಡಿಸೆಂಬರಿನಲ್ಲಿ ಮಂಗಳೂರು ನಿಲಯ ಆರಂಭವಾಗಿ 1089 ಕಿಲೋಹರ್ಟ್ಸಿನಲ್ಲಿ ಕೇಳತೊಡಗಿದಾಗ ಮಾವ ಮೊದಲು ಮಾಡಿದ ಕೆಲಸ ಈ ಭಾಗಾಕಾರ: 275 ಮೀಟರು, ಮೇಲೆ ಅರ್ಧ. ಬರುವ ಅಲೆಯ ಉದ್ದ ಗೊತ್ತಿದ್ದರೆ ಮುಳ್ಳನ್ನು ಎಲ್ಲಿ ನಿಲ್ಲಿಸಬೇಕೆಂಬುದು ಹುಡುಕುವ ಮುನ್ನವೇ ಗೊತ್ತಿರುತ್ತದೆಂದು ಅವರ ಮತ.

ಕನ್ನಡ ನಾಡಿನ ಬಾನುಲಿಯೂ ಹುಟ್ಟಿದ್ದು ಹೀಗೆ ಹವ್ಯಾಸಿಯೊಬ್ಬರ ಮನೆಯಲ್ಲಿ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಸಣ್ಣ ಪ್ರೇಷಕವೊಂದರಿಂದ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆಲ್ಲ ಸಂದದ್ದು ಆಮೇಲೆ.

ಹವ್ಯಾಸಿ ಪ್ರೇಷಕರ, ಅಂದರೆ ಹ್ಯಾಮ್‌ಗಳ, ಒಂದು ಲೆಕ್ಕವನ್ನು ನಾನು ಕಂಡದ್ದು ನೌಕರಿಯ ದಿನಗಳಲ್ಲಿ, ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರ ಮನೆಯ ತಾರಸಿಯ ಮೇಲೆ. ಅವರಿಗೆ ನಲವತ್ತು ಮೀಟರಿನ ಬ್ಯಾಂಡಿಗೆ ಆಂಟೆನಾ ಬೇಕಿತ್ತು. ಅರ್ಧ ಅಲೆಯ ತಂತಿಗೆ 468ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಅಡಿಗಳಲ್ಲಿ ಉದ್ದ ಸಿಗುತ್ತದೆ, 7.1ಕ್ಕೆ ಸುಮಾರು 66 ಅಡಿ. ಬರಿಯ ಗಣಿತದ ಪ್ರಕಾರ ಅರ್ಧ ಅಲೆ ಇದಕ್ಕಿಂತ ಉದ್ದ. ತಂತಿಯ ತುದಿಗಳಲ್ಲಿ ವಿದ್ಯುತ್ತಿನ ವರ್ತನೆ ಬೇರೆಯಾಗುವುದರಿಂದ ನೂರಕ್ಕೆ ಐದರಷ್ಟು ಕಡಿಮೆ ಹಿಡಿಯುವ ವಾಡಿಕೆ. ಇಷ್ಟೆಲ್ಲ ತಿಳಿದೂ ಅವರು 66 ಅಡಿಗೆ ಕತ್ತರಿಸಲಿಲ್ಲ, 68ಕ್ಕೆ ಕತ್ತರಿಸಿದರು. ನೆಲದ ತೇವ, ಹತ್ತಿರದ ಗೋಡೆ, ಎತ್ತರ ಎಲ್ಲವೂ ಆ ಉದ್ದವನ್ನು ಬದಲಿಸುತ್ತವೆ. ಕಟ್ಟಿ, ಅಳೆದು, ಅಂಗುಲ ಅಂಗುಲವಾಗಿ ಮೊಟಕು ಮಾಡುತ್ತ ಬಂದರು. ಯಾವ ಕಡೆಗೆ ತಪ್ಪಿದರೆ ತಿದ್ದಬಹುದೋ ಆ ಕಡೆಗೇ ತಪ್ಪಬೇಕು ಎಂಬ ಎಚ್ಚರ ಅದು. ಹುಡುಗರ ಅಂಗಿ ಹೊಲಿಯುವ ದರ್ಜಿಗೂ ಇದು ಗೊತ್ತು.

ಮಾವನ ರೇಡಿಯೋದ ಅತ್ಯಂತ ಉಪಯುಕ್ತ ಕಾರ್ಯಕ್ರಮ ಮಾತ್ರ ಯಾವ ನಿಲಯದ್ದೂ ಆಗಿರಲಿಲ್ಲ; ಅದು ಸಿಡಿಲಿನದು. ಮೇ ತಿಂಗಳ ಅಪರಾಹ್ಣಗಳಲ್ಲಿ ಘಟ್ಟದ ಮೇಲೆ ಮೋಡ ಕಟ್ಟಿ ಸಂಜೆಗೆ ನಮ್ಮ ಮೇಲೆ ಇಳಿಯುತ್ತದೆ. ಹಗಲು ಮಿಂಚು ಕಾಣುವುದಿಲ್ಲ. ಆದರೆ ಮೀಡಿಯಂ ವೇವಿನಲ್ಲಿ ಟ್ರಾನ್ಸಿಸ್ಟರನ್ನು ಯಾವ ನಿಲಯವೂ ಇಲ್ಲದ ಕಡೆ ನಿಲ್ಲಿಸಿದರೆ ಮಿಂಚು ಹೊಳೆದ ಕ್ಷಣದಲ್ಲೇ ‘ಕರಕ್’ ಎಂಬ ಸದ್ದು ಬರುತ್ತದೆ. ಅಲ್ಲಿಂದ ಗುಡುಗು ಕೇಳುವ ತನಕ ಸೆಕೆಂಡುಗಳನ್ನು ಎಣಿಸಬೇಕು. ಶಬ್ದ ಒಂದು ಕಿಲೋಮೀಟರು ಸಾಗಲು ಸುಮಾರು ಮೂರು ಸೆಕೆಂಡು. ಮೂವತ್ತು ಎಣಿಸಿದರೆ ಹತ್ತು ಕಿಲೋಮೀಟರು. ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿ, ಅದು ಇಪ್ಪತ್ತಕ್ಕೆ ಇಳಿದಿದ್ದರೆ ಮಳೆ ಹತ್ತು ನಿಮಿಷದಲ್ಲಿ ಮೂರು ಕಿಲೋಮೀಟರಿಗಿಂತ ಹೆಚ್ಚು ಹತ್ತಿರ ಬಂದಿದೆ. ಇನ್ನು ಇಪ್ಪತ್ತು ನಿಮಿಷದಲ್ಲಿ ನಮ್ಮ ತಲೆಯ ಮೇಲಿರುತ್ತದೆ. ಶಾಲೆ ಬಿಡುವ ಹೊತ್ತಿಗೆ ಮಾವ ಹೀಗೆ ಎಣಿಸಿ, ಮಕ್ಕಳನ್ನು ಮೊದಲೇ ದೋಣಿ ಹತ್ತಿಸುವುದೋ ಮಳೆ ಕಳೆಯುವ ತನಕ ಶಾಲೆಯಲ್ಲೇ ಕೂರಿಸಿಕೊಳ್ಳುವುದೋ ಎಂದು ತೀರ್ಮಾನಿಸುತ್ತಿದ್ದರು. ಮಿಂಚುಗಳು ಒತ್ತೊತ್ತಾಗಿ ಬಂದರೆ ಯಾವ ಕರಕಿಗೆ ಯಾವ ಗುಡುಗು ಎಂಬುದು ತಿಳಿಯದೆ ಲೆಕ್ಕ ಕೆಡುತ್ತದೆ. ಆಗ ಅವರು ಎಣಿಸುವುದನ್ನೇ ನಿಲ್ಲಿಸಿ ಬಾಗಿಲು ಹಾಕಿಸುತ್ತಿದ್ದರು. ಹಾಜರಿ ಪುಸ್ತಕದ ಆ ದಿನಗಳ ಎಡಗಡೆಯಲ್ಲಿ ‘ಎಣಿಸಲಿಲ್ಲ’ ಎಂದಷ್ಟೇ ಇದೆ.

ಇನ್ನು ನನ್ನ ಕಥೆ. ಕುಂದಾಪುರದ ಕಾಲೇಜಿನಲ್ಲಿ ಓದುವಾಗ ಭರತ ಇಳಿತಗಳ ಲೆಕ್ಕವನ್ನು ನಾನು ಕಲಿತೆ. ಅದೊಂದು ಸುಂದರವಾದ ಲೆಕ್ಕ. ಚಂದ್ರನು ಒಂದು ತಿಥಿಯಲ್ಲಿ ಸೂರ್ಯನಿಂದ ಹನ್ನೆರಡು ಡಿಗ್ರಿ ದೂರ ಸರಿಯುತ್ತಾನೆ. ಭೂಮಿ ಹನ್ನೆರಡು ಡಿಗ್ರಿ ತಿರುಗಲು ಬೇಕಾದ ಕಾಲ ನಲವತ್ತೆಂಟು ನಿಮಿಷ, ಅಂದರೆ ಎರಡು ಘಳಿಗೆ. ಆದ್ದರಿಂದ ಭರತದ ಹೊತ್ತು ತಿಥಿಗೆ ಎರಡು ಘಳಿಗೆಯಂತೆ ಮುಂದಕ್ಕೆ ಹೋಗುತ್ತದೆ; ಮೂವತ್ತು ತಿಥಿಗಳಿಗೆ ಅರವತ್ತು ಘಳಿಗೆ, ಒಂದು ಪೂರ್ಣ ದಿನ. ಸರಾಸರಿಯ ಮಟ್ಟಿಗೆ ಇದರಲ್ಲಿ ಒಂದು ನಿಮಿಷದ ದೋಷವೂ ಇಲ್ಲ. ಶುಕ್ಲ ಪಂಚಮಿಯ ಚಂದ್ರ ಸೂರ್ಯ ಮುಳುಗಿದ ಮೇಲೆ ಹತ್ತು ಘಳಿಗೆ, ಎಂದರೆ ನಾಲ್ಕು ಗಂಟೆ, ಆಕಾಶದಲ್ಲಿರುತ್ತಾನೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದೂ ಇದೇ ಲೆಕ್ಕದಿಂದ. ತನ್ನ ಅಳಿವೆಯಲ್ಲಿ ಅಮಾವಾಸ್ಯೆಯ ದಿನ ಭರತ ಎಷ್ಟು ಹೊತ್ತಿಗೆ ತುಂಬುತ್ತದೆಂಬುದೊಂದು ತಿಳಿದಿದ್ದರೆ ಬೆಸ್ತನಿಗೆ ಪಂಚಾಂಗವೇ ಸಾಕು.

ಹೊತ್ತಿನ ಜೊತೆಗೆ ಎತ್ತರದ ಲೆಕ್ಕವೂ ಉಂಟು. ನಾವಿಕರು ಅದನ್ನು ಹನ್ನೆರಡನೆಯ ಪಾಲುಗಳಲ್ಲಿ ಹಂಚುತ್ತಾರೆ. ನೀರು ಒಟ್ಟು ನಾಲ್ಕು ಅಡಿ, ಅಂದರೆ ನಲವತ್ತೆಂಟು ಅಂಗುಲ ಏರುವುದಿದ್ದರೆ, ಮೊದಲ ಗಂಟೆಯಲ್ಲಿ ನಾಲ್ಕು ಅಂಗುಲ, ಎರಡನೆಯದರಲ್ಲಿ ಎಂಟು, ಮೂರು ನಾಲ್ಕನೆಯ ಗಂಟೆಗಳಲ್ಲಿ ಹನ್ನೆರಡು ಹನ್ನೆರಡು, ಮತ್ತೆ ಎಂಟು, ಕೊನೆಯಲ್ಲಿ ನಾಲ್ಕು. ನಮ್ಮ ಕರಾವಳಿಯಲ್ಲಿ ದಿನದ ಎರಡು ಭರತಗಳು ಸಮನಾಗಿರುವುದಿಲ್ಲವಾದ್ದರಿಂದ ಇದನ್ನು ಉಪ್ಪು ಬೆರೆಸಿಯೇ ತಿನ್ನಬೇಕು. ಆದರೂ ಮರಳ ದಿಬ್ಬದ ಮೇಲೆ ದೋಣಿ ಎಷ್ಟು ಹೊತ್ತಿಗೆ ಎದ್ದೀತೆಂದು ತಿಳಿಯಲು ಇಷ್ಟು ಸಾಕು.

1977ರ ಶ್ರಾವಣದ ಒಂದು ದ್ವಾದಶಿ. ಗೆಳೆಯನೊಬ್ಬನ ಮನೆಯಲ್ಲಿ ಊಟ ಮಾಡಿ ಗಂಗೊಳ್ಳಿಯಿಂದ ಕುಂದಾಪುರಕ್ಕೆ ಮರಳಬೇಕಾಗಿತ್ತು. ಕಡವಿನ ದೋಣಿಗೆ ಕಾಯುವ ಬದಲು ಗೆಳೆಯನ ಮನೆಯವರ ಸಣ್ಣ ಪಾತಿ ದೋಣಿಯಲ್ಲಿ ನಾವಿಬ್ಬರೇ ಹೋಗೋಣವೆಂದು ಹೊರಟದ್ದು ನನ್ನ ಉಮೇದು. ದ್ವಾದಶಿಗೆ ಇಪ್ಪತ್ತನಾಲ್ಕು ಘಳಿಗೆ, ಒಂಬತ್ತು ಗಂಟೆ ಮೂವತ್ತಾರು ನಿಮಿಷ. ಅದನ್ನು ಅಮಾವಾಸ್ಯೆಯ ಹೊತ್ತಿಗೆ ಕೂಡಿಸಿ, ಆರು ಗಂಟೆ ಚಿಲ್ಲರೆ ಕಳೆದು, ಮೂರು ಗಂಟೆಗೆ ಇಳಿತ ಮುಗಿಯುತ್ತದೆಂದು ಸಾಧಿಸಿದೆ. ಮೂರೂ ಕಾಲಿಗೆ ಹೊರಟರೆ ನೀರು ನಿಂತಿರುತ್ತದೆ, ಆಮೇಲೆ ಒಳಮುಖವಾಗಿ ಹರಿಯತೊಡಗಿ ನಮ್ಮನ್ನೇ ಊರ ಕಡೆಗೆ ನೂಕುತ್ತದೆ. ಗೆಳೆಯ ನನ್ನ ಗಣಿತಕ್ಕೆ ಬೆರಗಾದ. ಕೈಗೆ ಮಾವ ಕೊಟ್ಟಿದ್ದ ಗಡಿಯಾರ ಕಟ್ಟಿಕೊಂಡು ಸರಿಯಾಗಿ ಮೂರೂ ಕಾಲಿಗೆ ಹುಟ್ಟು ಹಾಕಿದೆವು.

ದಡದ ಕಂಬದಲ್ಲಿ ನೀರು ಏರತೊಡಗಿದ್ದು ನಿಜ. ನನ್ನ ಲೆಕ್ಕ ಅಲ್ಲಿಗೆ ಸರಿಯಾಗಿತ್ತು. ಆದರೆ ನಡುನೀರಿಗೆ ಬಂದಾಗ ಹೊಳೆ ಇನ್ನೂ ಕಡಲ ಕಡೆಗೇ ಭರದಿಂದ ಹರಿಯುತ್ತಿತ್ತು. ನೀರಿನ ಮಟ್ಟ ತಿರುಗುವ ಹೊತ್ತು ಬೇರೆ, ಸೆಳೆತ ತಿರುಗುವ ಹೊತ್ತು ಬೇರೆ ಎಂಬುದು ನನಗೆ ತಿಳಿದಿರಲಿಲ್ಲ. ಶ್ರಾವಣದ ಐದು ಹೊಳೆಗಳ ನೆರೆ ಒಟ್ಟಾಗಿ ಹೊರಕ್ಕೆ ನುಗ್ಗುವಾಗ ಕಡಲು ಏರುತ್ತಿದ್ದರೂ ಮೇಲಿನ ನೀರು ಗಂಟೆಗಟ್ಟಲೆ ಹೊರಕ್ಕೇ ಹೋಗುತ್ತಿರುತ್ತದೆ. ನಾವು ಎಷ್ಟು ಹುಟ್ಟು ಹಾಕಿದರೂ ದೋಣಿಯ ಮೂತಿ ಅಳಿವೆಯ ಕಡೆಗೇ ತಿರುಗಿತು. ಅಲ್ಲಿ ಹೊರಹೋಗುವ ಹೊಳೆಗೂ ಒಳಬರುವ ಅಲೆಗಳಿಗೂ ಸೆಣಸಾಟ. ಬಿಳಿಯ ಗೋಡೆಯೊಂದು ಎದ್ದು ಬಿದ್ದು ಮಾಡುವುದು ಕಾಣುತ್ತಿತ್ತು, ಅದರ ಮೊರೆತದಲ್ಲಿ ಗೆಳೆಯನ ಕೂಗೂ ನನಗೆ ಕೇಳಿಸಲಿಲ್ಲ. ಬಲೆ ಹಾಕಲು ನಿಂತಿದ್ದ ಒಂದು ದೊಡ್ಡ ದೋಣಿಯವರು ನಮ್ಮನ್ನು ಕಂಡು ಹಗ್ಗ ಎಸೆಯದಿದ್ದರೆ ಇಂದು ಈ ಭಾಷಣವಿರುತ್ತಿರಲಿಲ್ಲ. ಮೊದಲ ಎಸೆತ ತಪ್ಪಿತು. ಎರಡನೆಯದನ್ನು ಗೆಳೆಯ ಹಿಡಿದ. ನಮ್ಮ ದೋಣಿ ಮಗುಚಿ, ನಾವಿಬ್ಬರೂ ಹಗ್ಗಕ್ಕೆ ಜೋತುಬಿದ್ದು ಅವರ ದೋಣಿ ಸೇರಿದೆವು. ಅವರಲ್ಲಿ ಹಿರಿಯನೊಬ್ಬ ಬೈಯಲಿಲ್ಲ, ಏನೂ ಹೇಳಲಿಲ್ಲ. ತಲೆ ಒರೆಸಿಕೊಳ್ಳಲು ತನ್ನ ಮುಂಡಾಸು ಬಿಚ್ಚಿ ಕೊಟ್ಟ.

ಗಡಿಯಾರ ಮೂರು ಮೂವತ್ತೆಂಟಕ್ಕೆ ನಿಂತಿತ್ತು. ಅದನ್ನು ಮಾವನ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಮೂರು ಗಂಟೆ ಎಂದು ಎಣಿಸಿದೆ, ಸರಿ. ಎಷ್ಟು ತಪ್ಪಬಹುದೆಂದು ಎಣಿಸಿದ್ದೆ?” ಎಂದು ಕೇಳಿದರು. ನಾನು ಎಣಿಸಿಯೇ ಇರಲಿಲ್ಲ. “ತಪ್ಪಿದರೆ ಯಾವ ಕಡೆಗೆ ಹೋಗುತ್ತೀರೆಂದು?” ಅದನ್ನೂ ಎಣಿಸಿರಲಿಲ್ಲ. ಒಂದು ಗಂಟೆ ತಡವಾಗಿ ಹೊರಟಿದ್ದರೆ ಆಗುತ್ತಿದ್ದ ನಷ್ಟ ಒಂದು ಗಂಟೆ. ಬೇಗ ಹೊರಟದ್ದರಿಂದ ಆಗಬಹುದಾಗಿದ್ದ ನಷ್ಟವೇ ಬೇರೆ. ಈ ಎರಡು ತಕ್ಕಡಿಗಳನ್ನು ನಾನು ಸಮನಾಗಿ ಹಿಡಿದಿದ್ದೆ. ಮಾವ ಪುಸ್ತಕದಲ್ಲಿ ಬರೆದದ್ದು ಇಷ್ಟೇ: ‘ಮಟ್ಟ 3 ಗಂಟೆ, ಸರಿ. ಸೆಳೆತ ಗೊತ್ತಿಲ್ಲ.’ ಅಮ್ಮನಿಗೆ ಅವರು ಹೇಳಲಿಲ್ಲ. ನಾನೂ ಅವಳಿರುವ ತನಕ ಹೇಳಲಿಲ್ಲ.

ನಿಂತ ಗಡಿಯಾರವನ್ನು ಮಾವ ತಾವೇ ಬಿಚ್ಚಿ, ತೊಳೆದು, ಒಣಗಿಸಿ, ಎಣ್ಣೆ ಹಾಕಿ ನಡೆಸಿದರು. ಉಪ್ಪುನೀರು ಹೊಕ್ಕ ಯಂತ್ರ ಹಾಗೆ ಬದುಕುವುದು ಅಪರೂಪ. ಅದು ಎಚ್.ಎಂ.ಟಿ. ಜನತಾ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಆರಂಭವಾದ ಆ ಕಾರ್ಖಾನೆ ಈಗ ಗಡಿಯಾರ ಮಾಡುತ್ತಿಲ್ಲ. ನನ್ನದು ಇನ್ನೂ ನಡೆಯುತ್ತದೆ. ನಿವೃತ್ತಿಯ ಅನಂತರ ಅದರ ವೇಗವನ್ನು ತಿದ್ದುವುದೇ ನನ್ನ ಮುಂಜಾನೆಯ ಪೂಜೆ. ಅದರ ಸಮತೋಲನ ಚಕ್ರ ಸೆಕೆಂಡಿಗೆ ಐದು ಸಲ ಮಿಡಿಯುತ್ತದೆ, ದಿನಕ್ಕೆ 4,32,000 ಸಲ. ದಿನಕ್ಕೆ ಇಪ್ಪತ್ತು ಸೆಕೆಂಡು ತಪ್ಪಿದರೆ ಜನ ‘ಹಳೆಯ ಗಡಿಯಾರ, ಸರಿಯಿಲ್ಲ’ ಎನ್ನುತ್ತಾರೆ. ಆದರೆ ಅದು ನಾಲ್ಕು ಲಕ್ಷ ಮೂವತ್ತೆರಡು ಸಾವಿರ ಮಿಡಿತಗಳಲ್ಲಿ ನೂರೇ ನೂರು ಮಿಡಿತಗಳ ತಪ್ಪು. ಮನುಷ್ಯರ ಯಾವ ಕೆಲಸದಲ್ಲಿ ಇಷ್ಟು ಕಡಿಮೆ ತಪ್ಪಿರುತ್ತದೆ?

ತಿದ್ದುವ ಮೊದಲು ತಪ್ಪು ಎಷ್ಟೆಂದು ತಿಳಿಯಬೇಕು. ರೇಡಿಯೋದ ವೇಳೆಯ ಸಂಕೇತಕ್ಕೆ ಮುಳ್ಳನ್ನು ನೋಡುವಾಗ ನನ್ನ ಕಣ್ಣು ಕಿವಿಗಳಿಂದಲೇ ಅರ್ಧ ಸೆಕೆಂಡು ಆಚೀಚೆಯಾಗುತ್ತದೆ. ಒಂದೇ ದಿನ ನೋಡಿದರೆ ಆ ಅರ್ಧ ಸೆಕೆಂಡು ಪೂರ್ತಿಯಾಗಿ ಲೆಕ್ಕದೊಳಗೆ ನುಸುಳುತ್ತದೆ. ಎಂಟನೆಯ ದಿನ ನೋಡಿ ಏಳರಿಂದ ಭಾಗಿಸಿದರೆ ದೋಷವೂ ಏಳು ಪಾಲಾಗಿ ಒಡೆಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಮಾತ್ರ ತಿದ್ದುತ್ತೇನೆ, ಅದೂ ಕಂಡ ತಪ್ಪಿನ ಅರ್ಧದಷ್ಟು. ನಿತ್ಯ ತಿದ್ದುವ ಆತುರಗಾರ ತನ್ನ ಕಣ್ಣಿನ ತಪ್ಪನ್ನೇ ಗಡಿಯಾರಕ್ಕೆ ಹಚ್ಚುತ್ತಾನೆ.

ಹಿಂದೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರು ‘ಎ.ಟಿ.ಎ.’ ಎಂಬ ಸಂಕೇತದಿಂದ ಶಾರ್ಟ್‌ವೇವಿನಲ್ಲಿ ಕಾಲವನ್ನೇ ಪ್ರಸಾರ ಮಾಡುತ್ತಿದ್ದರು. ಟಿಕ್ ಟಿಕ್ ಎಂಬ ಸದ್ದಿನ ಹೊರತು ಅದರಲ್ಲಿ ಬೇರೇನೂ ಇರುತ್ತಿರಲಿಲ್ಲ. ಮಾವ ಅದನ್ನು ಸಂಗೀತದಂತೆ ಕೇಳುತ್ತಿದ್ದರು. ದೆಹಲಿಯಿಂದ ಸಿದ್ದಾಪುರಕ್ಕೆ ಸುಮಾರು 1,700 ಕಿಲೋಮೀಟರು. ಸದ್ದು ನಮ್ಮನ್ನು ಮುಟ್ಟುವಾಗ ಅದಕ್ಕೆ ಸೆಕೆಂಡಿನ ಸಾವಿರದಲ್ಲಿ ಆರು ಪಾಲಿನಷ್ಟು ವಯಸ್ಸಾಗಿರುತ್ತದೆಂದು ಅವರು ಲೆಕ್ಕ ಹಾಕಿದ್ದರು. ಆ ಪ್ರಸಾರ ಈಗಿಲ್ಲ. ಬಾನುಲಿಯನ್ನು ಮೊಬೈಲಿನಲ್ಲಿ ಕೇಳುವ ಮೊಮ್ಮಕ್ಕಳಿಗೆ ಒಂದು ಮಾತು: ಅಂತರಜಾಲದ ದಾರಿಯಲ್ಲಿ ಬರುವ ಅದೇ ಸಂಕೇತ ಎಷ್ಟೋ ಸೆಕೆಂಡು ತಡವಾಗಿ ಬರುತ್ತದೆ. ಗಡಿಯಾರ ಇಟ್ಟುಕೊಳ್ಳುವುದಾದರೆ ಹಳೆಯ ಟ್ರಾನ್ಸಿಸ್ಟರೇ ವಾಸಿ.

ಇನ್ನು ಆ ವೇಳೆಯಾದರೂ ಯಾರ ವೇಳೆ? 1906ರಿಂದ ಭಾರತದ ವೇಳೆಯನ್ನು ಎಂಬತ್ತೆರಡೂವರೆ ಡಿಗ್ರಿ ರೇಖಾಂಶಕ್ಕೆ ಹೊಂದಿಸಲಾಗಿದೆ. ಸಿದ್ದಾಪುರ ಅದರಿಂದ ಏಳೂವರೆ ಡಿಗ್ರಿಗಿಂತ ತುಸು ಹೆಚ್ಚು ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷ. ಹಾಗಾಗಿ ನಮ್ಮೂರಿನ ಸೂರ್ಯ ಸರಾಸರಿ ಹನ್ನೆರಡೂವರೆಗೆ ನೆತ್ತಿಗೆ ಬರುತ್ತಾನೆ. ಭೂಮಿಯ ನಡೆ ಒಂದೇ ಸಮನಾಗಿಲ್ಲದ್ದರಿಂದ ಫೆಬ್ರವರಿಯ ನಡುವಿನಲ್ಲಿ ಅದು ಹನ್ನೆರಡು ನಲವತ್ತನಾಲ್ಕರವರೆಗೂ ತಡವಾಗುತ್ತದೆ, ನವೆಂಬರಿನ ಆರಂಭದಲ್ಲಿ ಹನ್ನೆರಡು ಹದಿನಾಲ್ಕಕ್ಕೇ ಆಗಿಬಿಡುತ್ತದೆ. ಅಂಗಳದಲ್ಲಿ ಕೋಲು ನೆಟ್ಟು ಅತಿ ಗಿಡ್ಡ ನೆರಳನ್ನು ಗುರುತಿಸಿದವರಿಗೆ ಇದು ಕಾಣುತ್ತದೆ. ತಳದಲ್ಲಿ ಸೂಕ್ಷ್ಮ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ಮುಳುಗುವುದನ್ನು ಒಂದು ಘಳಿಗೆಯೆಂದು ಎಣಿಸಿ ಮುಹೂರ್ತ ನೋಡುತ್ತಿದ್ದವರು ಆ ಊರಿನ ಸೂರ್ಯನನ್ನೇ ನಂಬಿದ್ದರು. ಪಂಚಾಂಗದ ಸೂರ್ಯೋದಯವನ್ನು ಬೇರೆ ಊರಿನದೆಂದು ತಿಳಿಯದೆ ಓದಿ ಲಗ್ನದ ಹೊತ್ತಿಗಾಗಿ ಜಗಳವಾಡಿದವರನ್ನು ನಾನು ಕಂಡಿದ್ದೇನೆ. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರಗಣಿತ’ವನ್ನು ಬರೆದ ನಾಡು ಇದು. ಆದರೂ ನಮ್ಮ ಸಾಹಿತ್ಯದ ತರಗತಿಗಳಲ್ಲಿ ಅವನ ಹೆಸರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ನಾನೂ ಹಾಗೆಯೇ ಮುಗಿಸಿದವನು.

ಕಡಲಿಗೆ ಮತ್ತೊಮ್ಮೆ ಬರುತ್ತೇನೆ. ಕಣ್ಣು ನೀರಿನಿಂದ ಎಷ್ಟು ಮೀಟರು ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು ಮೂರೂವರೆಯಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರು ದೂರವೆಂದು ತಿಳಿಯುತ್ತದೆ. ದೋಣಿಯಲ್ಲಿ ನಾಲ್ಕು ಮೀಟರು ಎತ್ತರದಲ್ಲಿ ನಿಂತವನಿಗೆ ಏಳು ಕಿಲೋಮೀಟರು. 1,343 ಮೀಟರಿನ ಕೊಡಚಾದ್ರಿಯ ಶಿಖರಕ್ಕಾದರೆ ಲೆಕ್ಕದ ಪ್ರಕಾರ 130 ಕಿಲೋಮೀಟರಿನ ಆಸುಪಾಸು. ಮಬ್ಬು ಅಷ್ಟು ದೂರದಿಂದ ಕಾಣಗೊಡುವುದು ಅಪರೂಪ. ಈಗಿನ ದೋಣಿಗಳಲ್ಲಿರುವ ವಿ.ಎಚ್.ಎಫ್. ರೇಡಿಯೋ ಕೂಡ ಹೆಚ್ಚುಕಡಿಮೆ ಕಣ್ಣಿನಂತೆಯೇ ನೇರ ನೋಡುತ್ತದೆ, ತುಸು ದೂರಕ್ಕೆ. ಒಂಬತ್ತು ಮೀಟರು ಎತ್ತರದ ಆಂಟೆನಾಗಳಿರುವ ಎರಡು ದೋಣಿಗಳು ಇಪ್ಪತ್ತೈದು ಕಿಲೋಮೀಟರಿನ ತನಕ ಮಾತಾಡಿಕೊಳ್ಳಬಹುದು. ಅದರಾಚೆಗೆ ಮೌನ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕಾ ದೋಣಿ ಏಳು ಮಂದಿಯೊಂದಿಗೆ ಕಾಣೆಯಾದುದನ್ನು ಕರಾವಳಿಯವರು ಮರೆತಿರಲಾರರು. 15ರ ರಾತ್ರಿಯ ಅನಂತರ ಅದರಿಂದ ಮಾತಿಲ್ಲ. ಆಗ ನಾನು ಮಾವನ ರೀತಿಯಲ್ಲಿ ಕಾಗದದ ಮೇಲೆ ಒಂದು ಲೆಕ್ಕ ಮಾಡಿದೆ. ತೇಲುತ್ತಿರುವ ವಸ್ತು ಯಾವ ದಿಕ್ಕಿಗೆಂದು ತಿಳಿಯದೆ ಗಂಟೆಗೆ ಒಂದು ನಾಟಿಕಲ್ ಮೈಲಿಯಷ್ಟೇ ಸರಿಯುತ್ತಿದ್ದರೂ ಒಂದು ದಿನದಲ್ಲಿ ನಲವತ್ತನಾಲ್ಕು ಕಿಲೋಮೀಟರು ತ್ರಿಜ್ಯದ ವೃತ್ತವನ್ನು ಹುಡುಕಬೇಕು. ಅದು ಉಡುಪಿ ಜಿಲ್ಲೆಯ ಒಂದೂವರೆ ಪಟ್ಟಿಗಿಂತ ದೊಡ್ಡದು. ಎರಡನೆಯ ದಿನಕ್ಕೆ ಅದರ ನಾಲ್ಕು ಪಟ್ಟು. ಮೂರನೆಯ ದಿನಕ್ಕೆ ಒಂಬತ್ತು. ಅಲ್ಲಿಗೆ ಪೆನ್ನು ಕೆಳಗಿಟ್ಟೆ. ಅವಶೇಷ ಮಹಾರಾಷ್ಟ್ರದ ಮಾಳವಣದ ಬಳಿ ಕಡಲ ತಳದಲ್ಲಿ ನೌಕಾಪಡೆಗೆ ದೊರೆತದ್ದು 2019ರ ಮೇ ತಿಂಗಳಲ್ಲಿ. ನಾಲ್ಕೂವರೆ ತಿಂಗಳು ಆ ಏಳು ಮನೆಗಳವರು ಯಾವುದನ್ನು ಎಣಿಸುತ್ತ ಕುಳಿತಿದ್ದರೋ ಅದಕ್ಕೆ ನನ್ನಲ್ಲಿ ಸೂತ್ರವಿಲ್ಲ. ಕೊನೆಯ ಮಾತು ಎಲ್ಲಿಂದ, ಎಷ್ಟು ಹೊತ್ತಿಗೆ ಬಂತೆಂಬುದನ್ನು ದೋಣಿಯವರು ಹೊರಡುವ ಮುನ್ನ ಒಪ್ಪಿಕೊಂಡ ಹೊತ್ತುಗಳಲ್ಲಿ ದಡದಲ್ಲೊಬ್ಬರು ಬರೆದಿಟ್ಟುಕೊಂಡರೆ ವೃತ್ತ ಚಿಕ್ಕದಾಗುತ್ತದೆ ಎಂದಷ್ಟೇ ಮಲ್ಪೆ, ಗಂಗೊಳ್ಳಿಗಳ ತರುಣರಿಗೆ ಹೇಳಬಲ್ಲೆ.

ಮಾವ ತೀರಿಕೊಂಡು ಇಪ್ಪತ್ತು ವರ್ಷ ದಾಟಿತು. ಹಾಜರಿ ಪುಸ್ತಕದ ಕೊನೆಯ ಪುಟಗಳಲ್ಲಿ ಅವರ ಅಕ್ಷರ ನಡುಗಿದೆ, ಗೆರೆ ಮಾತ್ರ ನೇರವಾಗಿದೆ. ಖಾಲಿ ಉಳಿದಿದ್ದ ಹಾಳೆಗಳಲ್ಲಿ ನಾನು ಬರೆಯುತ್ತಿದ್ದೇನೆ. ಈ ಬೆಳಿಗ್ಗೆ ಹೊರಡುವ ಮುನ್ನ ಎಡಗಡೆ ‘ಭಾಷಣ, 24 ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ಆಚೀಚೆ’ ಎಂದು ಬರೆದು ಬಂದೆ. ಗಾಜಿನಾಚೆ ಕುಳಿತಿರುವ ನಿಲಯದ ಮಿತ್ರರ ಮುಖ ನೋಡಿದರೆ ಬಲಗಡೆಯ ಅಂಕಿ ತುಸು ದೊಡ್ಡದಾಗುವಂತಿದೆ.